ಒರಾಕಲ್ ಬಿಟ್ಟು ಹೊರಟವರ ಲೆಕ್ಕ

2019ರ ಅಕ್ಟೋಬರ್‌ನಲ್ಲಿ ಅಮೆಜಾನ್ ತನ್ನ ಗ್ರಾಹಕ ವ್ಯವಹಾರದಲ್ಲಿ ಉಳಿದಿದ್ದ ಕೊನೆಯ ಒರಾಕಲ್ ಡೇಟಾಬೇಸನ್ನು ನಿಲ್ಲಿಸಿತು. ಸುಮಾರು 7,500 ಡೇಟಾಬೇಸ್‌ಗಳಲ್ಲಿ ಹರಡಿಕೊಂಡಿದ್ದ 75 ಪೆಟಾಬೈಟ್ ಮಾಹಿತಿಯನ್ನು ಬೇರೆಡೆಗೆ ಸಾಗಿಸಲು ನೂರಕ್ಕೂ ಹೆಚ್ಚು ತಂಡಗಳು ವರ್ಷಗಟ್ಟಲೆ ದುಡಿದಿದ್ದವು. ಡೇಟಾಬೇಸ್ ಖರ್ಚು ಶೇ 60ಕ್ಕಿಂತ ಹೆಚ್ಚು ಇಳಿಯಿತು ಎಂದು ಕಂಪನಿ ಹೇಳಿಕೊಂಡಿತು. ಅದಕ್ಕೆ ಮುಂಚೆ ಒರಾಕಲ್‌ನ ಲ್ಯಾರಿ ಎಲಿಸನ್‌ಗೆ ಅಮೆಜಾನನ್ನು ಕೆಣಕುವುದು ಒಂದು ಚಟವೇ ಆಗಿತ್ತು. ನಮ್ಮನ್ನು ಮೀರಿಸುತ್ತೇವೆ ಎನ್ನುವವರೂ ನಮಗೇ ದುಡ್ಡು ಕಟ್ಟುತ್ತಿದ್ದಾರೆ ನೋಡಿ ಎಂದು ಹೂಡಿಕೆದಾರರ ಎದುರು ಆಡಿಕೊಳ್ಳುತ್ತಿದ್ದರು. ಆ ಸುದ್ದಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಉಳಿತಾಯದ ಅಂಕಿಗಿಂತ ಹೆಚ್ಚಾಗಿ ಹಿಡಿದ ಕಾಲ. ಜಗತ್ತಿನ ಅತಿ ದೊಡ್ಡ ಕ್ಲೌಡ್ ಕಂಪನಿಗೇ, ಅಷ್ಟೊಂದು ಎಂಜಿನಿಯರುಗಳನ್ನು ಇಟ್ಟುಕೊಂಡೂ, ಹೊರಬರಲು ಇಷ್ಟು ವರ್ಷ ಬೇಕಾಯಿತು.

ಓಪನ್ ಸೋರ್ಸ್ ಡೇಟಾಬೇಸ್ ಎಂದ ಕೂಡಲೇ ನಮ್ಮಲ್ಲಿ ಮೊದಲು ಬರುವ ಮಾತು, ದುಡ್ಡು ಕೊಡಬೇಕಿಲ್ಲವಲ್ಲ ಎಂಬುದು. ದುಡ್ಡು ಕಾರಣವೇ ಅಲ್ಲ ಎನ್ನಲಾರೆ. ಆದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಮಾರಿಯಾಡಿಬಿಗಳತ್ತ ಕಂಪನಿಗಳೂ ಸರ್ಕಾರಗಳೂ ಹೊರಳಿದ್ದಕ್ಕೆ ಅದಕ್ಕಿಂತ ಗಟ್ಟಿಯಾದ ಕಾರಣವೊಂದಿದೆ. ಇವತ್ತಿನ ಬೆಲೆ ಎಷ್ಟು ಎನ್ನುವುದಕ್ಕಿಂತ ನಾಳೆ ಆ ಬೆಲೆಯನ್ನೋ ಷರತ್ತನ್ನೋ ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ, ಬದಲಿಸಿದರೆ ನಾವು ಎದ್ದು ಹೋಗಬಲ್ಲೆವೇ ಎನ್ನುವುದು ಅವರಿಗೆ ದೊಡ್ಡ ಪ್ರಶ್ನೆಯಾಗಿದೆ.

ಬೆಲೆಯ ವಿಷಯ ಮೊದಲು ಮುಗಿಸೋಣ. ಒರಾಕಲ್ ಎಂಟರ್‌ಪ್ರೈಸ್ ಎಡಿಷನ್‌ನ ಪಟ್ಟಿಬೆಲೆ ಒಂದು ಪ್ರೊಸೆಸರ್ ಲೈಸೆನ್ಸಿಗೆ 47,500 ಡಾಲರ್. ಇಂಟೆಲ್ ಚಿಪ್ಪಿನ ಎರಡು ಕೋರ್‌ಗಳಿಗೆ ಒಂದು ಲೈಸೆನ್ಸ್ ಬೇಕು. 16 ಕೋರ್‌ಗಳ ಒಂದು ಸಾಧಾರಣ ಸರ್ವರ್ ಎಂದರೆ 8 ಲೈಸೆನ್ಸ್, 3,80,000 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 3.23 ಕೋಟಿ ರೂಪಾಯಿ. ಇದರ ಮೇಲೆ ವರ್ಷಕ್ಕೆ ಶೇ 22ರಷ್ಟು ಸಪೋರ್ಟ್ ಶುಲ್ಕ, ಅಂದರೆ ಸುಮಾರು 71 ಲಕ್ಷ. ದೊಡ್ಡ ಗಿರಾಕಿಗಳಿಗೆ ಭಾರೀ ರಿಯಾಯಿತಿ ಸಿಗುತ್ತದೆ, ಪಟ್ಟಿಬೆಲೆಯನ್ನು ಪೂರ್ತಿ ಕೊಡುವವರು ಕಡಿಮೆ. ಆದರೆ ಟೇಬಲ್‌ಗಳನ್ನು ತುಂಡು ಮಾಡಿ ಇಡುವ ಪಾರ್ಟಿಷನಿಂಗ್ ಬೇಕೆಂದರೆ ಅದಕ್ಕೆ ಬೇರೆ ಬೆಲೆ, ಹಲವು ಸರ್ವರ್‌ಗಳು ಒಂದೇ ಡೇಟಾಬೇಸಾಗಿ ಓಡಬೇಕೆಂದರೆ ಇನ್ನೊಂದು ಬೆಲೆ. ವರ್ಚುವಲ್ ಯಂತ್ರಗಳ ಕಥೆ ಇನ್ನೂ ಸ್ವಾರಸ್ಯವಾಗಿದೆ. ಕೆಲವು ಬಗೆಯ ವರ್ಚುವಲೈಸೇಷನ್‌ನಲ್ಲಿ ಡೇಟಾಬೇಸಿಗೆ ನಾಲ್ಕೇ ಕೋರ್ ಕೊಟ್ಟಿದ್ದರೂ ಅಡಿಯಲ್ಲಿರುವ ಯಂತ್ರದ ಎಲ್ಲ ಕೋರ್‌ಗಳಿಗೂ ಲೈಸೆನ್ಸ್ ಬೇಕೆಂಬುದು ಒರಾಕಲ್‌ನ ನಿಲುವು. ಒಂದು ಪ್ಲೇಟ್ ಇಡ್ಲಿ ತಿಂದವನಿಗೆ ಹೋಟೆಲಿನ ಒಲೆಗಳನ್ನು ಎಣಿಸಿ ಬಿಲ್ ಕೊಟ್ಟ ಹಾಗೆ.

ಈ ಲೆಕ್ಕ ಒಂದು ಕಾಲಕ್ಕೆ ನಡೆಯುತ್ತಿತ್ತು. ಬ್ಯಾಂಕಿನಲ್ಲೋ ವಿಮಾ ಕಂಪನಿಯಲ್ಲೋ ಒಂದೇ ಒಂದು ದೊಡ್ಡ ಡೇಟಾಬೇಸ್ ಇರುತ್ತಿತ್ತು. ಅದಕ್ಕೊಂದು ತಣ್ಣನೆಯ ಕೋಣೆ, ಅದನ್ನು ನೋಡಿಕೊಳ್ಳುವ ನಾಲ್ಕು ಜನ ಡಿಬಿಎಗಳು. ಈಗ ತಂತ್ರಾಂಶ ಕಟ್ಟುವ ರೀತಿಯೇ ಬೇರೆ. ಒಂದು ಊಟ ತರಿಸುವ ಆ್ಯಪ್ಪಿನ ಹಿಂದೆ ಆರ್ಡರಿಗೊಂದು ಸೇವೆ, ಪಾವತಿಗೊಂದು, ಡೆಲಿವರಿ ಹುಡುಗರ ಜಾಡು ಹಿಡಿಯಲು ಇನ್ನೊಂದು. ಪ್ರತಿಯೊಂದಕ್ಕೂ ತನ್ನದೇ ಡೇಟಾಬೇಸ್. ಅದೇ ಡೇಟಾಬೇಸಿನ ಪ್ರತಿ ಟೆಸ್ಟಿಂಗ್ ಸರ್ವರಿನಲ್ಲಿ, ಪ್ರತಿ ಡೆವಲಪರಿನ ಲ್ಯಾಪ್‌ಟಾಪಿನಲ್ಲಿ. ಕೋಡ್ ಬದಲಾದಾಗಲೆಲ್ಲ ಐದು ನಿಮಿಷದ ಪರೀಕ್ಷೆಗೆಂದು ಹೊಸ ಡೇಟಾಬೇಸ್ ಹುಟ್ಟುತ್ತದೆ, ಪರೀಕ್ಷೆ ಮುಗಿದೊಡನೆ ಅಳಿದುಹೋಗುತ್ತದೆ. ಕೋರ್ ಎಣಿಸಿ ದುಡ್ಡು ಕೇಳುವ ವ್ಯಾಪಾರಕ್ಕೂ ಈ ಕೆಲಸದ ರೀತಿಗೂ ಹೊಂದಾಣಿಕೆ ಆಗುವುದೇ ಇಲ್ಲ. ದುಡ್ಡಿನ ಮಾತು ಪಕ್ಕಕ್ಕಿಟ್ಟರೂ ಅನುಮತಿಯ ಮಾತಿದೆ. ಪೋಸ್ಟ್‌ಗ್ರೆಸ್ ಹಾಕಿಕೊಳ್ಳಲು ಎಂಜಿನಿಯರ್ ಯಾರನ್ನೂ ಕೇಳಬೇಕಿಲ್ಲ. ಖರೀದಿ ವಿಭಾಗದ ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಅವನ ಪ್ರಯೋಗ ಮುಗಿದು ಗಿರಾಕಿಗಳು ಬಳಸತೊಡಗಿರುತ್ತಾರೆ. ಬಹಳಷ್ಟು ಸಂಸ್ಥೆಗಳಲ್ಲಿ ಓಪನ್ ಸೋರ್ಸ್ ಡೇಟಾಬೇಸ್ ಆಡಳಿತ ಮಂಡಳಿಯ ನಿರ್ಣಯದಿಂದ ಬಂದದ್ದಲ್ಲ, ಹಿಂಬಾಗಿಲಿನಿಂದ ಬಂದು ನಡುಮನೆಯಲ್ಲಿ ಕೂತದ್ದು.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. 1980ರ ದಶಕದ ಮೊದಲಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡೆವಿಟ್ ಮತ್ತು ಸಂಗಡಿಗರು ಹಲವು ಡೇಟಾಬೇಸ್‌ಗಳ ವೇಗ ಅಳೆದು ಫಲಿತಾಂಶ ಪ್ರಕಟಿಸಿದರು. ಒರಾಕಲ್‌ನ ಸಾಧನೆ ಅದರಲ್ಲಿ ಚೆನ್ನಾಗಿರಲಿಲ್ಲ. ಆಮೇಲೆ ಲೈಸೆನ್ಸಿನಲ್ಲೇ ಒಂದು ಷರತ್ತು ಸೇರಿತು: ನಮ್ಮ ಒಪ್ಪಿಗೆಯಿಲ್ಲದೆ ವೇಗದ ಪರೀಕ್ಷೆಯ ಫಲಿತಾಂಶ ಪ್ರಕಟಿಸಕೂಡದು. ಡೆವಿಟ್ ಷರತ್ತು ಎಂದೇ ಅದು ಹೆಸರಾಯಿತು, ಬೇರೆ ಕಂಪನಿಗಳೂ ಅದನ್ನು ನಕಲು ಮಾಡಿದವು. ಕೊಂಡ ವಸ್ತು ಹೇಗೆ ಓಡುತ್ತದೆ ಎಂದು ಊರಿಗೆ ಹೇಳುವ ಹಾಗಿಲ್ಲ! ಪೋಸ್ಟ್‌ಗ್ರೆಸ್‌ಗೆ ಇಂಥ ಮರೆಯಿಲ್ಲ. ಅದರ ದೋಷಗಳನ್ನು ಅದನ್ನು ಕಟ್ಟುವವರೇ ಸಾರ್ವಜನಿಕವಾಗಿ ಜಗಳವಾಡುತ್ತ ಚರ್ಚಿಸುತ್ತಾರೆ, ಯಾರು ಬೇಕಾದರೂ ಓದಬಹುದು.

ಹೀಗೆ ತೆರೆದುಕೊಂಡಿರುವ ಈ ಡೇಟಾಬೇಸಿನ ಬೇರು ಹಳೆಯದು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಬರೆದ ಪ್ರಬಂಧ ಒಂದು ಸರಳ ವಿಚಾರ ಮುಂದಿಟ್ಟಿತು. ಮಾಹಿತಿಯನ್ನು ಸಾಲು, ಕಾಲಮ್ಮುಗಳ ಕೋಷ್ಟಕಗಳಲ್ಲಿಡಿ. ಏನು ಬೇಕೆಂದು ಕೇಳಿ, ಅದು ಡಿಸ್ಕಿನಲ್ಲಿ ಎಲ್ಲಿದೆ, ಹೇಗೆ ಹುಡುಕಬೇಕೆಂಬ ಚಿಂತೆ ಯಂತ್ರಕ್ಕೆ ಬಿಡಿ. ಐಬಿಎಂ ತನ್ನ ಈ ವಿಚಾರವನ್ನು ಮಾರುಕಟ್ಟೆಗೆ ತರಲು ತಡಮಾಡಿತು. ಎಲಿಸನ್ ಮತ್ತು ಗೆಳೆಯರು 1977ರಲ್ಲಿ ಕಂಪನಿ ಕಟ್ಟಿ 1979ರಲ್ಲಿ ತಮ್ಮ ಸರಕನ್ನು ಮಾರಾಟಕ್ಕಿಟ್ಟರು. ಅತ್ತ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಇಂಗ್ರೆಸ್ ಕಟ್ಟಿದರು. 1986ರಲ್ಲಿ ಅದರ ಮುಂದಿನ ಪೀಳಿಗೆಯಾಗಿ ಪೋಸ್ಟ್‌ಗ್ರೆಸ್ ಶುರುವಾಯಿತು. 1990ರ ದಶಕದ ನಡುವೆ ಆ್ಯಂಡ್ರ್ಯೂ ಯು, ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದಕ್ಕೆ ಎಸ್‌ಕ್ಯುಎಲ್ ಭಾಷೆ ಕೂಡಿಸಿದರು. 1996ರ ಹೊತ್ತಿಗೆ ವಿಶ್ವವಿದ್ಯಾಲಯದ ಅಂಗಳ ದಾಟಿ ಹಲವು ದೇಶಗಳ ಸ್ವಯಂಸೇವಕರ ಕೈಗೆ ಬಂತು. ಅಂದಿನಿಂದ ಅದಕ್ಕೆ ಯಜಮಾನರಿಲ್ಲ.

ಯಜಮಾನರಿದ್ದರೆ ಏನಾಗುತ್ತದೆ ಎನ್ನುವುದನ್ನು ಮೈಎಸ್‌ಕ್ಯುಎಲ್ ತೋರಿಸಿಕೊಟ್ಟಿತು. ಸ್ವೀಡನ್ನಿನಲ್ಲಿ ಮೈಕೆಲ್ ವಿಡೇನಿಯಸ್ ಮತ್ತು ಜೊತೆಗಾರರು 1995ರಲ್ಲಿ ಬಿಟ್ಟ ಆ ಡೇಟಾಬೇಸ್ ವೆಬ್‌ಸೈಟುಗಳ ಮೊದಲ ಯುಗವನ್ನೇ ಹೊತ್ತಿತು. ಫೇಸ್‌ಬುಕ್ ಅದರ ಮೇಲೆ ಬೆಳೆಯಿತು, ವಿಕಿಪೀಡಿಯ ಅದರ ಮೇಲೆ ಬೆಳೆಯಿತು. ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದ್ದರೂ ಹಕ್ಕುಗಳು ಒಂದೇ ಕಂಪನಿಯ ಬಳಿ ಇದ್ದವು. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪನಿಯನ್ನು ನೂರು ಕೋಟಿ ಡಾಲರಿಗೆ ಕೊಂಡಿತು. ಮರುವರ್ಷವೇ ಸನ್ನನ್ನು ಕೊಳ್ಳುವುದಾಗಿ ಒರಾಕಲ್ ಸಾರಿತು. ಯಾರಿಂದ ತಪ್ಪಿಸಿಕೊಳ್ಳಲು ಜನ ಮೈಎಸ್‌ಕ್ಯುಎಲ್‌ಗೆ ಬಂದಿದ್ದರೋ ಅವರ ಮನೆಗೇ ಅದು ಹೋಗಿ ಸೇರಿತು. ಯುರೋಪಿಯನ್ ಕಮಿಷನ್ ತಿಂಗಳುಗಟ್ಟಲೆ ತನಿಖೆ ನಡೆಸಿ ಕೊನೆಗೆ 2010ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ವಿಡೇನಿಯಸ್ ಸುಮ್ಮನೆ ಕೂತಿರಲಿಲ್ಲ. ಅದೇ ಕೋಡಿನ ಕವಲು ತೆಗೆದು ಮಾರಿಯಾಡಿಬಿ ಶುರುಮಾಡಿದ್ದರು. ಹಿರಿಮಗಳು ಮೈ, ಕಿರಿಮಗಳು ಮಾರಿಯಾ; ಎರಡೂ ಡೇಟಾಬೇಸಿಗೆ ಮಕ್ಕಳದೇ ಹೆಸರು. 2013ರಲ್ಲಿ ವಿಕಿಪೀಡಿಯ ಮಾರಿಯಾಡಿಬಿಗೆ ಬದಲಾಯಿತು. ಓದುಗರಿಗೆ ಅದು ಗೊತ್ತೂ ಆಗಲಿಲ್ಲ. ಒರಾಕಲ್ ಮೈಎಸ್‌ಕ್ಯುಎಲ್‌ನ ಕುತ್ತಿಗೆ ಹಿಸುಕಲಿಲ್ಲ, ಅದು ಇವತ್ತಿಗೂ ಚೆನ್ನಾಗಿಯೇ ಓಡುತ್ತಿದೆ ಎನ್ನುವುದನ್ನೂ ಹೇಳಬೇಕು. ಕವಲೊಡೆಯುವ ಹಕ್ಕು ಕಣ್ಣೆದುರೇ ಕೆಲಸ ಮಾಡಿ ತೋರಿಸಿದ್ದು ಅದಕ್ಕೊಂದು ಕಾರಣ ಎಂದು ನನ್ನ ನಂಬಿಕೆ.

ಆ ಬಳಿಕದ ವರ್ಷಗಳಲ್ಲಿ ಒಂದು ಕಂಪನಿಯ ಒಡೆತನದಲ್ಲಿದ್ದ ಹಲವು ಓಪನ್ ಸೋರ್ಸ್ ಉತ್ಪನ್ನಗಳು ಲೈಸೆನ್ಸ್ ಬದಲಿಸಿದವು. 2018ರಲ್ಲಿ ಮೊಂಗೋಡಿಬಿ, 2021ರಲ್ಲಿ ಎಲಾಸ್ಟಿಕ್‌ಸರ್ಚ್, 2024ರಲ್ಲಿ ರೆಡಿಸ್. ಪ್ರತಿ ಸಲವೂ ಬಳಸುವ ಕಂಪನಿಗಳ ವಕೀಲರು ರಾತ್ರೋರಾತ್ರಿ ಷರತ್ತು ಓದಬೇಕಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಹಾಗಾಗುವುದು ಕಷ್ಟ, ಏಕೆಂದರೆ ಲೈಸೆನ್ಸ್ ಬದಲಿಸಬಲ್ಲ ಒಬ್ಬ ಒಡೆಯನೇ ಅಲ್ಲಿಲ್ಲ. ಅದರ ಕೋರ್ ತಂಡದಲ್ಲಿ ಒಂದೇ ಕಂಪನಿಯ ನೌಕರರು ಅರ್ಧಕ್ಕಿಂತ ಹೆಚ್ಚಿರಬಾರದು ಎಂಬ ಪದ್ಧತಿಯಿದೆ. 2020ರಲ್ಲಿ ಎಂಟರ್‌ಪ್ರೈಸ್‌ಡಿಬಿ ಎಂಬ ಕಂಪನಿ ಸೆಕೆಂಡ್‌ಕ್ವಾಡ್ರಂಟ್ ಎಂಬ ಇನ್ನೊಂದನ್ನು ಕೊಂಡಾಗ ಈ ಲೆಕ್ಕ ತಪ್ಪಿತು; ತಂಡಕ್ಕೆ ಬೇರೆ ಕಂಪನಿಗಳಿಂದ ಇಬ್ಬರನ್ನು ಸೇರಿಸಿ ಸರಿಮಾಡಿಕೊಂಡರು. ಹಾಗೆ ಬಂದವರಲ್ಲಿ ಆ್ಯಂಡ್ರೆಸ್ ಫ್ರಾಯಿಂಡ್ ಒಬ್ಬರು. 2024ರ ಮಾರ್ಚ್‌ನಲ್ಲಿ, ಸರ್ವರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಕಿರಿಕಿರಿಯ ಬೆನ್ನುಹತ್ತಿ, ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಯಾರೋ ಅಡಗಿಸಿಟ್ಟಿದ್ದ, ಲಿನಕ್ಸ್ ಜಗತ್ತಿಗೇ ತೂತು ಕೊರೆಯಲಿದ್ದ ಹಿಂಬಾಗಿಲನ್ನು ಪತ್ತೆ ಹಚ್ಚಿದವರು ಇವರೇ. ಡೇಟಾಬೇಸ್ ಕಟ್ಟುವವರಿಗೆ ಅರ್ಧ ಸೆಕೆಂಡೆಂದರೆ ಯುಗ.

ಆದರೆ ಒಡೆಯನಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಸರಕು ಕೊಳ್ಳುವುದಿಲ್ಲ, ಸರಕೂ ಚೆನ್ನಾಗಿರಬೇಕು. ಹದಿನೈದು ವರ್ಷಗಳ ಹಿಂದೆ ರಿಲೇಷನಲ್ ಡೇಟಾಬೇಸಿನ ಕಾಲ ಮುಗಿಯಿತು ಎಂದು ಸಮಾವೇಶಗಳಲ್ಲಿ ಜೋರಾಗಿ ಹೇಳುತ್ತಿದ್ದರು. ಮುಂದೆಲ್ಲ ನೋಎಸ್‌ಕ್ಯುಎಲ್, ಕೋಷ್ಟಕಗಳ ಶಿಸ್ತು ಹಳೆಯ ಕಾಲದ್ದು ಎಂಬ ಮಾತು. ಪೋಸ್ಟ್‌ಗ್ರೆಸ್ ವಾದಕ್ಕೆ ಇಳಿಯದೆ, ಎದುರಾಳಿಯ ಬಳಿ ಇದ್ದದ್ದನ್ನು ತಾನೂ ಕಲಿತುಕೊಂಡಿತು. 2014ರ ಕೊನೆಯಲ್ಲಿ ಬಂದ 9.4 ಆವೃತ್ತಿಯಿಂದ ಜೇಸನ್ ರೂಪದ ಮಾಹಿತಿಯನ್ನು ಇಂಡೆಕ್ಸ್ ಸಮೇತ ಕೋಷ್ಟಕದೊಳಗೇ ಇಡಬಹುದಾಯಿತು. ನಕ್ಷೆ, ದೂರ, ಗಡಿಗಳ ಲೆಕ್ಕಕ್ಕೆ ಕೆನಡಾದಲ್ಲಿ 2001ರಲ್ಲೇ ಹುಟ್ಟಿದ ಪೋಸ್ಟ್‌ಜಿಐಎಸ್ ಇತ್ತು. ಕೃತಕ ಬುದ್ಧಿಮತ್ತೆಯ ಅಲೆ ಬಂದಾಗ ಅರ್ಥಸಾಮ್ಯ ಹುಡುಕುವ ಪಿಜಿವೆಕ್ಟರ್ ಬಂತು. ಇವೆರಡನ್ನು ಬರೆದವರು ಮೂಲ ತಂಡದ ಹೊರಗಿನವರು. ಹೊಸ ಬಗೆಯ ಮಾಹಿತಿ, ಹೊಸ ಬಗೆಯ ಇಂಡೆಕ್ಸುಗಳನ್ನು ಹೊರಗಿನವರು ಸೇರಿಸಬಹುದಾದ ವಿನ್ಯಾಸವನ್ನು ಸ್ಟೋನ್‌ಬ್ರೇಕರ್ 1986ರಲ್ಲೇ ಹಾಕಿಟ್ಟಿದ್ದರು. ಹಾಗಾಗಿ ಪ್ರತಿಯೊಂದು ಅಗತ್ಯಕ್ಕೂ ಬೇರೆ ಬೇರೆ ಡೇಟಾಬೇಸ್ ತಂದು, ಅವುಗಳ ನಡುವೆ ಮಾಹಿತಿ ತಾಳೆಯಾಗದೆ ಒದ್ದಾಡುವ ಪಾಡು ಸಣ್ಣ ತಂಡಗಳಿಗೆ ತಪ್ಪಿತು. 2012ರಲ್ಲಿ ಫೇಸ್‌ಬುಕ್ ಕೊಂಡಾಗ ಇನ್‌ಸ್ಟಾಗ್ರಾಮ್‌ನಲ್ಲಿ ಇದ್ದದ್ದು 13 ಜನ. ಅವರ ಮುಖ್ಯ ಡೇಟಾಬೇಸ್ ಪೋಸ್ಟ್‌ಗ್ರೆಸ್.

ನಮ್ಮ ಕಣ್ಣೆದುರಿನ ಉದಾಹರಣೆ ಬೆಂಗಳೂರಿನ ಝೆರೋಧಾ. 2010ರಲ್ಲಿ ಶುರುವಾಗಿ ದೇಶದ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳ ಸಾಲಿಗೆ ಬಂದ ಇದರ ತಂತ್ರಜ್ಞಾನ ತಂಡ ಚಿಕ್ಕದು, ಕಟ್ಟಿಕೊಂಡದ್ದರಲ್ಲಿ ಬಹುಪಾಲು ಮುಕ್ತ ತಂತ್ರಾಂಶ. ಗಿರಾಕಿಯ ಲಾಭನಷ್ಟದ ವರದಿ ತಯಾರಿಸುವ ಕಡೆ ಅವರು ಪೋಸ್ಟ್‌ಗ್ರೆಸ್ಸನ್ನು ಬಳಸಿರುವ ರೀತಿ ನೋಡುವಂಥದ್ದು. ವರ್ಷಗಳ ವಹಿವಾಟು ತಡಕುವ ಭಾರದ ಪ್ರಶ್ನೆಗಳನ್ನು ನೇರವಾಗಿ ದೊಡ್ಡ ಡೇಟಾಬೇಸಿನ ಮೇಲೆ ಎಸೆದರೆ ಅದು ಕುಸಿಯುತ್ತದೆ. ಅದಕ್ಕೆ ಪ್ರಶ್ನೆಗಳನ್ನು ಸಾಲಿನಲ್ಲಿ ನಿಲ್ಲಿಸಿ, ಒಂದೊಂದರ ಉತ್ತರವನ್ನೂ ಇನ್ನೊಂದು ಪೋಸ್ಟ್‌ಗ್ರೆಸ್‌ನಲ್ಲಿ ಹೊಸದೊಂದು ಟೇಬಲ್ಲಾಗಿ ಬರೆದಿಡುತ್ತಾರೆ. ಗಿರಾಕಿ ಆ ವರದಿಯನ್ನು ಹಿಂದೆಮುಂದೆ ತಿರುವಿದರೆ ಉತ್ತರ ಈ ಪುಟ್ಟ ಟೇಬಲ್ಲಿನಿಂದಲೇ ಬರುತ್ತದೆ. ಒಂದು ದಿನದಲ್ಲಿ ಲಕ್ಷಗಟ್ಟಲೆ ಟೇಬಲ್ಲುಗಳು ಹುಟ್ಟುತ್ತವೆ, ರಾತ್ರಿ ಎಲ್ಲವನ್ನೂ ಎಸೆದು ಮಾರನೆಯ ದಿನ ಹೊಸದಾಗಿ ಶುರು. ಯಾವ ಪಠ್ಯಪುಸ್ತಕವೂ ಇದನ್ನು ಹೇಳಿಕೊಡುವುದಿಲ್ಲ. ಸಪೋರ್ಟ್ ಒಪ್ಪಂದದ ಷರತ್ತುಗಳೊಳಗೆ ಬದುಕುವವರು ಇಂಥ ಚೇಷ್ಟೆಗೆ ಕೈಹಾಕುವುದೂ ಇಲ್ಲ. ಇದಕ್ಕೆ ಬರೆದ ಡಂಗ್‌ಬೀಟಲ್ ಎಂಬ ತಂತ್ರಾಂಶವನ್ನು ಅವರೂ ಮುಕ್ತವಾಗಿ ಕೊಟ್ಟಿದ್ದಾರೆ. 2024ರಲ್ಲಿ, ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನೂ ಸ್ಥಾಪಿಸಿದರು. ಇದೇ ನಗರದ ಅದೆಷ್ಟೋ ದೊಡ್ಡ ಐಟಿ ಕಂಪನಿಗಳು ಇದೇ ತಂತ್ರಾಂಶಗಳಿಂದ ಗಳಿಸಿಯೂ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿ ಬಿಲ್ಲಿನ ಇನ್ನೊಂದು ಮುಖ ಮುಚ್ಚಿಡಬಾರದು. ಲೈಸೆನ್ಸಿಗೆ ಕಟ್ಟದ ದುಡ್ಡು ಜನರ ಸಂಬಳಕ್ಕೂ ಅವರ ಶಿಸ್ತಿಗೂ ಹೋಗಬೇಕು. ಹೋಗದಿದ್ದರೆ ಒಂದು ರಾತ್ರಿ ಒಟ್ಟಿಗೆ ವಸೂಲಾಗುತ್ತದೆ. 2017ರ ಜನವರಿ 31ರಂದು, ಕೋಡ್ ಇಟ್ಟುಕೊಳ್ಳುವ ಸೇವೆ ನಡೆಸುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಅದೇ ಆಯಿತು. ತಡರಾತ್ರಿ ದುರಸ್ತಿಗೆ ಕೂತ ಎಂಜಿನಿಯರ್, ನಕಲು ಸರ್ವರಿನ ಪೋಸ್ಟ್‌ಗ್ರೆಸ್ ಕಡತಗಳನ್ನು ಅಳಿಸುತ್ತಿದ್ದೇನೆಂದು ತಿಳಿದು ಮೂಲ ಸರ್ವರಿನದನ್ನೇ ಅಳಿಸಿದರು. ಕ್ಷಣದಲ್ಲಿ ಅರಿವಾಗಿ ತಡೆದರೂ 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ, ಅದನ್ನು ತೆಗೆಯುವ ತಂತ್ರಾಂಶದ ಆವೃತ್ತಿ ಡೇಟಾಬೇಸಿನದಕ್ಕಿಂತ ಹಳೆಯದಾಗಿದ್ದರಿಂದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲ ಎಂದು ತಿಳಿಸಬೇಕಾದ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ಯಾರೋ ತೆಗೆದಿಟ್ಟಿದ್ದ ಒಂದು ಪ್ರತಿ ಮಾನ ಉಳಿಸಿತು. ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿ, ಎಲ್ಲೆಲ್ಲಿ ಎಡವಿದೆವೆಂದು ಬರೆದು ಪ್ರಕಟಿಸಿದ ಕಂಪನಿಯ ಧೈರ್ಯವನ್ನು ಮೆಚ್ಚಬೇಕು.

ಪೋಸ್ಟ್‌ಗ್ರೆಸ್‌ಗೇ ಅಂಟಿದ ರೋಗವೊಂದೂ ಇದೆ. ಬರೆಯುವ ಪ್ರತಿ ವಹಿವಾಟಿಗೂ ಅದು 32 ಬಿಟ್ಟಿನ ಒಂದು ಸಂಖ್ಯೆ ಕೊಡುತ್ತದೆ. ಸುಮಾರು 200 ಕೋಟಿ ವಹಿವಾಟು ಆಗುವುದರೊಳಗೆ ಹಳೆಯ ಸಾಲುಗಳಿಗೆ ಇವು ಹಳೆಯವು ಎಂದು ಮುದ್ರೆ ಒತ್ತಬೇಕು. ವ್ಯಾಕ್ಯೂಮ್ ಎಂಬ ಹಿನ್ನೆಲೆಯ ಕೆಲಸಗಾರ ಇದನ್ನು ಮಾಡುತ್ತಿರುತ್ತಾನೆ. ಅವನು ಹಿಂದೆ ಬಿದ್ದರೆ ಮಾಹಿತಿ ಕೆಡಬಾರದೆಂದು ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸುತ್ತದೆ. 2019ರ ಫೆಬ್ರವರಿಯಲ್ಲಿ ಮೇಲ್‌ಚಿಂಪ್ ಕಂಪನಿಯ ಮ್ಯಾಂಡ್ರಿಲ್ ಎಂಬ ಇಮೇಲ್ ಸೇವೆ ಈ ಕಾರಣಕ್ಕೆ ಒಂದೂವರೆ ದಿನಕ್ಕೂ ಹೆಚ್ಚು ಕಾಲ ಹಾಸಿಗೆ ಹಿಡಿಯಿತು. ಇದನ್ನು ಬಲ್ಲವರು ನಿಮ್ಮಲ್ಲಿಲ್ಲದಿದ್ದರೆ ಸಪೋರ್ಟ್ ಕೊಡುವ ಕಂಪನಿಗಳಿವೆ, ಅವರಿಗೆ ದುಡ್ಡು ಕೊಡಿ. ಒಬ್ಬರು ಸರಿಯಿಲ್ಲದಿದ್ದರೆ ಡೇಟಾಬೇಸ್ ಬದಲಿಸದೆ ಅವರನ್ನಷ್ಟೇ ಬದಲಿಸಬಹುದು. ಒರಾಕಲ್‌ನ ಸೋರ್ಸ್ ಕೋಡ್ ಮುಟ್ಟಿ ರಿಪೇರಿ ಮಾಡಬಲ್ಲವರು ಒರಾಕಲ್‌ನವರು ಮಾತ್ರ.

ಹಾಗೆಂದು ಇಪ್ಪತ್ತು ವರ್ಷದಿಂದ ಒರಾಕಲ್ ಮೇಲೆ ನೆಟ್ಟಗೆ ಓಡುತ್ತಿರುವ ವ್ಯವಸ್ಥೆಯನ್ನು ಕಿತ್ತು ಹಾಕಿ ಎಂದು ನಾನು ಹೇಳುವುದಿಲ್ಲ. ಅಮೆಜಾನ್ ಕೂಡ ಒರಾಕಲ್‌ಗೆ ಬಿಗಿಯಾಗಿ ಕಟ್ಟಿಕೊಂಡಿದ್ದ ಕೆಲವು ಹೊರಗಿನ ತಂತ್ರಾಂಶಗಳನ್ನು ಸ್ಥಳಾಂತರದ ಲೆಕ್ಕದಿಂದ ಹೊರಗಿಟ್ಟು ಹಾಗೆಯೇ ಬಿಟ್ಟಿತು. ಟೇಬಲ್ಲುಗಳನ್ನು ಸಾಗಿಸುವುದು ಕಷ್ಟವಲ್ಲ, ಅದಕ್ಕೆ ಓರಾ2ಪಿಜಿಯಂಥ ಸಲಕರಣೆಗಳಿವೆ. ವರ್ಷಾನುಗಟ್ಟಲೆ ಒರಾಕಲ್‌ನದೇ ಪಿಎಲ್‌ಎಸ್‌ಕ್ಯುಎಲ್ ಭಾಷೆಯಲ್ಲಿ, ಡೇಟಾಬೇಸಿನ ಒಳಗೇ ಬರೆದಿಟ್ಟ ವ್ಯವಹಾರದ ನಿಯಮಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ಚಿಕ್ಕ ಉದಾಹರಣೆ: ಹೆಸರಿನ ಜಾಗ ಖಾಲಿ ಬಿಟ್ಟರೆ ಒರಾಕಲ್ ಅದನ್ನು ಮಾಹಿತಿಯೇ ಇಲ್ಲ ಎಂದು ಭಾವಿಸುತ್ತದೆ. ಪೋಸ್ಟ್‌ಗ್ರೆಸ್‌ಗೆ ಖಾಲಿ ಹೆಸರು ಬೇರೆ, ಹೆಸರೇ ಇಲ್ಲದಿರುವುದು ಬೇರೆ. ಈ ಒಂದು ಭೇದ ಸಾವಿರಾರು ಕಡೆ ತಪ್ಪು ಉತ್ತರ ಕೊಡಬಲ್ಲದು, ಅದೂ ಯಾವ ಎಚ್ಚರಿಕೆಯ ಸಂದೇಶವೂ ಇಲ್ಲದೆ.

ಸರ್ಕಾರಗಳಿಗೆ ಬೇರೊಂದು ಚಿಂತೆ. ಭಾರತ ಸರ್ಕಾರ 2015ರ ಮಾರ್ಚ್‌ನಲ್ಲಿ ತನ್ನ ವ್ಯವಸ್ಥೆಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡುವ ನೀತಿ ಹೊರಡಿಸಿತು. ಅದಕ್ಕೆ ಮೊದಲೇ ಆಧಾರ್ ಕಟ್ಟಿದವರು ಮೈಎಸ್‌ಕ್ಯುಎಲ್, ಹಡೂಪ್‌ಗಳನ್ನು ಆರಿಸಿಕೊಂಡಿದ್ದರು. ಕಾರಣ ಆಗ ಬೆಲೆ ಮತ್ತು ಪ್ರಮಾಣ. ಈಗ ಅದರ ಜೊತೆ ಇನ್ನೊಂದು ಸೇರಿದೆ. ಉಕ್ರೇನ್ ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ, 2022ರ ಮಾರ್ಚ್‌ನಲ್ಲಿ, ಒರಾಕಲ್ ರಷ್ಯದಲ್ಲಿ ತನ್ನ ಕೆಲಸ ನಿಲ್ಲಿಸಿತು. 2025ರ ಜುಲೈಯಲ್ಲಿ ಆ ಯುದ್ಧದ ಬಿಸಿ ನಮ್ಮ ನೆಲಕ್ಕೂ ತಾಗಿತು. ರಷ್ಯದ ತೈಲ ಕಂಪನಿ ರೋಸ್ನೆಫ್ಟ್ ಪಾಲು ಹೊಂದಿರುವ ಇಲ್ಲಿನ ನಯಾರಾ ಎನರ್ಜಿಯ ಮೇಲೆ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ ಬೆನ್ನಲ್ಲೇ ಮೈಕ್ರೋಸಾಫ್ಟ್ ಸೇವೆ ಕಡಿದುಹಾಕಿತು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಸೇವೆ ಮರಳಿತು, ಡೇಟಾಬೇಸಿನ ಪ್ರಕರಣವೂ ಅದಾಗಿರಲಿಲ್ಲ. ಆದರೆ ಭಾರತದ ಕಾನೂನು ಮುರಿಯದ ಒಂದು ಭಾರತೀಯ ಕಂಪನಿ ಬ್ರಸೆಲ್ಸ್‌ನ ತೀರ್ಮಾನದಿಂದ ತನ್ನ ಇಮೇಲಿಗೇ ಪರದಾಡಿದ್ದನ್ನು ತಂತ್ರಜ್ಞಾನದ ಮುಖ್ಯಸ್ಥರು ಸುಲಭಕ್ಕೆ ಮರೆಯಲಾರರು.

ಕೊನೆಗೆ ಕ್ಲೌಡ್‌ನ ಮಾತು. ಒರಾಕಲ್‌ನಿಂದ ಹೊರಟ ಅಮೆಜಾನ್ ಹೋಗಿ ಸೇರಿದ್ದು ತನ್ನದೇ ಸೇವೆಗಳನ್ನು. ಅವುಗಳಲ್ಲಿ ಒಂದಾದ ಅರೋರಾ ಹೊರಗಿನಿಂದ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್‌ನಂತೆಯೇ ಮಾತಾಡುತ್ತದೆ, ಒಳಗಿನ ಸಂಗ್ರಹ ವ್ಯವಸ್ಥೆ ಮಾತ್ರ ಅಮೆಜಾನ್‌ನ ಸ್ವಂತದ್ದು, ಮುಚ್ಚಿದ್ದು. ಮೈಕ್ರೋಸಾಫ್ಟ್, ಗೂಗಲ್‌ಗಳದೂ ಇದೇ ಬಗೆಯ ಅಂಗಡಿ. ನಿರ್ವಹಣೆಯ ತಲೆನೋವು ತಪ್ಪುತ್ತದೆಂದು ಇವನ್ನು ಬಾಡಿಗೆಗೆ ಹಿಡಿಯುವುದರಲ್ಲಿ ತಪ್ಪಿಲ್ಲ. ಐದು ಜನರ ತಂಡವಾದರೆ ನಾನೂ ಹಿಡಿಯುತ್ತೇನೆ. ಆದರೆ ಓಪನ್ ಸೋರ್ಸ್ ಎಂಬ ಹೆಸರು ಕೇಳಿ ಹೊರಬರುವ ದಾರಿ ಇದ್ದೇ ಇರುತ್ತದೆ ಎಂದುಕೊಳ್ಳಬಾರದು, ಅದನ್ನು ಪರೀಕ್ಷಿಸಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಆ ಸೇವೆಯಿಂದ ಪೂರ್ತಿ ಡೇಟಾಬೇಸನ್ನು ಪಿಜಿಡಂಪ್ ಎಂಬ ಸಲಕರಣೆಯ ಮೂಲಕ ಇಳಿಸಿಕೊಂಡು, ನಿಮ್ಮದೇ ಒಂದು ಮಾಮೂಲು ಸರ್ವರಿನಲ್ಲಿ ಅಪ್ಪಟ ಪೋಸ್ಟ್‌ಗ್ರೆಸ್ ಹಾಕಿ ಅದರೊಳಗೆ ತುಂಬಿ, ಆ್ಯಪ್ಪನ್ನು ಅದಕ್ಕೆ ಜೋಡಿಸಿ ಓಡಿಸಿ ನೋಡಿ. ಎಷ್ಟು ಗಂಟೆ ಹಿಡಿಯಿತು, ಏನೇನು ಮುರಿಯಿತು ಎಂದು ಬರೆದಿಟ್ಟುಕೊಳ್ಳಿ. ಮಾರಾಟದವರ ಜೊತೆ ಬೆಲೆ ಮಾತಾಡಲು ಕೂರುವಾಗ ಆ ಹಾಳೆ ಮೇಜಿನ ಮೇಲಿರಲಿ. ವರ್ಷಕ್ಕೊಮ್ಮೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ.